ಇಡೀ ಕೋಳಿಗೆ ಇಬ್ಬರು ಬೇಕು

ಹೈದರಾಬಾದಿಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾನು ಒಂದೇ ಒಂದು ಮೊಟ್ಟೆ ತರಲು ಹೋಗಿ ಇಡೀ ಕೋಳಿಯೊಂದನ್ನು ಹೊತ್ತು ತಂದೆ.

ತಪ್ಪು ನನ್ನದಲ್ಲ, ಅಂಗಡಿಯವನದೂ ಅಲ್ಲ. ಎರಡು ಭಾಷೆಗಳ ನಡುವೆ ಬಿದ್ದುಕೊಂಡಿದ್ದ ಒಂದು ದೀರ್ಘದ್ದು. ನಾಚಾರಂನ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ಆ ಅಂಗಡಿ. ಮುಂದೆ ಮೊಟ್ಟೆ ಜೋಡಿಸಿದ ಟ್ರೇ, ಹಿಂದೆ ಕೋಳಿಗಳ ಪಂಜರ. ತುಮಕೂರಿನ ಕಡೆಯವನಾದ ನಾನು ಮೊಟ್ಟೆಯತ್ತ ಬೆರಳು ತೋರಿಸಿ, ನಮ್ಮೂರಿನ ಮರ್ಯಾದೆಯಲ್ಲಿ, "ಒಂದು ಕೊಡಿ" ಎಂದೆ. ಎಂದೆ ಅಂದುಕೊಂಡೆ. ನಾನು ಹುಟ್ಟಾ ಗಾಬರಿಯ ಮನುಷ್ಯ. ಹೊಸ ಜಾಗದಲ್ಲಿ ಬಾಯಿ ತೆರೆದರೆ ಅಕ್ಷರಗಳು ಬೇಕಾದ್ದಕ್ಕಿಂತ ಉದ್ದವಾಗಿಬಿಡುತ್ತವೆ. ನನ್ನ 'ಕೊಡಿ' ಎಳೆದುಕೊಂಡು 'ಕೋಡಿ' ಆಯಿತು. ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ.

"ಒಕ ಕೋಡಿನಾ?" ಎಂದು ಅಂಗಡಿಯವನು ಖುಷಿಯಿಂದ ಕೇಳಿದ. ಹೊಸ ಊರಿನಲ್ಲಿ ಒಬ್ಬನಾದರೂ ನನ್ನ ಮಾತು ಅರ್ಥಮಾಡಿಕೊಂಡನಲ್ಲ ಎಂಬ ಧನ್ಯತೆಯಲ್ಲಿ ನಾನು ಜೋರಾಗಿ ತಲೆಯಾಡಿಸಿದೆ. ಅವನ ಕೈ ಟ್ರೇ ಕಡೆಗೆ ಬರಲಿಲ್ಲ, ಪಂಜರದ ಕಡೆಗೆ ಹೋಯಿತು. 'ಬೇಡ' ಎನ್ನುವುದಕ್ಕೆ ತೆಲುಗಿನಲ್ಲಿ ಏನನ್ನುತ್ತಾರೆ ಎಂದು ನಾನು ಯೋಚಿಸಿ ಮುಗಿಸುವಷ್ಟರಲ್ಲಿ, ಬೇಡ ಎನ್ನಬಹುದಾದ ಹಂತವನ್ನು ಆ ಕೋಳಿ ದಾಟಿಹೋಗಿತ್ತು.

ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಅದು ಇನ್ನೂ ಬೆಚ್ಚಗಿತ್ತು. ನನ್ನ ಕೋಣೆಯಲ್ಲಿ ಇದ್ದದ್ದು ಒಂದು ಸ್ಟೌ, ಒಂದು ಪುಟ್ಟ ಪಾತ್ರೆ, ಒಂದು ಚಮಚ. ಒಂದು ಮೊಟ್ಟೆ ಬೇಯುವಷ್ಟು ಸಂಸಾರ. ವಠಾರದ ನಲ್ಲಿಯ ಹತ್ತಿರ ನಿಂತು "ಅಯ್ಯೋ, ಇದನ್ನ ಏನಪ್ಪಾ ಮಾಡ್ಲಿ" ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದಾಗ, ಕೊಡ ತುಂಬಿಸುತ್ತಿದ್ದ ಹೆಂಗಸೊಬ್ಬರು ತಿರುಗಿ ನೋಡಿದರು.

"ಏನ್ರಿ ತಮ್ಮಾರ, ಕನ್ನಡದೋರೇನು?"

ಹೌದೆಂದೆ. ನಡೆದದ್ದನ್ನು ಹೇಳಿದೆ. ಅವರು ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ನೀರು ತುಂಬಿ ಹರಿದುಹೋಗುವವರೆಗೆ ನಕ್ಕರು.

"ತತ್ತಿ ತರಾಕ ಹೋಗಿ ಅದರ ಅವ್ವನ್ನ ತಂದೀರಲ್ರಿ! ಕೊಡ್ರಿ ಇಲ್ಲಿ. ಒಂದು ತಾಸು ಬಿಟ್ಟು ಬರ್ರಿ, ಊಟಕ್ಕ."

ಅವತ್ತಿನಿಂದ ಅವರು ನನಗೆ ಅಕ್ಕ. ನಾನು ಅವರಿಗೆ 'ಕೋಡಿ'. ಎರಡನೆಯ ವಾರಕ್ಕೆ ಬಹುವಚನ ಬಿಟ್ಟುಹೋಯಿತು, ಆ ಹೆಸರು ಮಾತ್ರ ಹೋಗಲೇ ಇಲ್ಲ.

*

ಆ ವರ್ಷಗಳನ್ನು ಈಗ ನೆನೆದರೆ ಅಲ್ಲಿ ಬರೀ ಭಾನುವಾರಗಳೇ ಕಾಣುತ್ತವೆ. ವಾರದ ಉಳಿದ ದಿನಗಳೂ ಇದ್ದಿರಲೇಬೇಕು. ಎರಡು ಬಸ್ಸು ಬದಲಿಸಿ ಊರಿನ ಆ ತುದಿಯ ಆಫೀಸಿಗೆ ಹೋಗಿ ಬರುತ್ತಿದ್ದೆನಲ್ಲ. ಆದರೆ ಅವೆಲ್ಲ ಬಸ್ಸಿನ ಕಿಟಕಿಯ ಧೂಳಿನ ಹಾಗೆ ಒರೆಸಿಹೋಗಿವೆ. ಉಳಿದಿರುವುದು ಕಾರ್ಖಾನೆಯ ಸೈರನ್ ಕೂಗದ ಬೆಳಗು, ಹಿತ್ತಿಲಿನ ಹಗ್ಗದ ಮೇಲೆ ಭಾವನವರ ನೀಲಿ ಯೂನಿಫಾರ್ಮು, ಅದರ ತೋಳಿನ ಮೂಲಕ ಹಾದು ಬರುವ ಹೊಗೆ, ಆ ಹೊಗೆಯೊಳಗೆ ಎಲ್ಲೋ ಒಂದು ಕಡೆ ಅಕ್ಕನ ಮೂಗುಬೊಟ್ಟು ಮಿನುಗಿ ಮಾಯವಾಗುವುದು.

ಅಕ್ಕ ರಾಯಚೂರು ಜಿಲ್ಲೆಯವರು, ಲಿಂಗಸೂಗೂರಿನ ಕಡೆ. ಭಾವ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಆಪರೇಟರ್. ಒಬ್ಬಳೇ ಮಗಳು ರೇಣುಕಾ, ಹೈಸ್ಕೂಲು. ಭಾನುವಾರ ಮಧ್ಯಾಹ್ನದವರೆಗೆ ಟ್ಯೂಷನ್. ಅಕ್ಕ ತರಕಾರಿಯವನ ಹತ್ತಿರ ತೆಲುಗಿನಲ್ಲಿ, ಕಿರಾಣಿಯವನ ಹತ್ತಿರ ಹಿಂದಿಯಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಇಬ್ಬರನ್ನೂ ಕನ್ನಡದಲ್ಲಿ ಬಯ್ಯುತ್ತಿದ್ದರು. "ಬೈಗುಳ ತಾಯಿನಾಡಿಂದ ಇರಬೇಕಪ್ಪ. ಪರಭಾಷಾದಾಗ ಬೈದ್ರ ಹೊಟ್ಟಿ ತುಂಬಂಗಿಲ್ಲ."

ಅವರು ಕೋಳಿಯ ತುಂಡುಗಳನ್ನು ಎಂದೂ ಕೊಂಡವರಲ್ಲ. ತಂದರೆ ಇಡೀ ಕೋಳಿ, ಅದೂ ಚರ್ಮ ಸಮೇತ. ಅಂಗಡಿಯವನು ಕಡಿದುಕೊಡಲು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದರು. "ತುಂಡು ತಂದ್ರ ಒಂದು ಊಟ ಆಗತೈತಿ. ಇಡೀ ತಂದ್ರ ಒಂದು ವಾರ ಆಗತೈತಿ" ಎನ್ನುವುದು ಅವರ ಅರ್ಥಶಾಸ್ತ್ರ.

ವಾರ ಆಗುತ್ತಿದ್ದದ್ದು ಹೀಗೆ. ಭಾನುವಾರ ಮಧ್ಯಾಹ್ನ ಕಾಲು ತೊಡೆಗಳದು ಕೆಂಪನೆಯ ಸಾರು, ಜೊತೆಗೆ ಜೋಳದ ರೊಟ್ಟಿ. ಎದೆಯ ಮಾಂಸಕ್ಕೆ ಉಪ್ಪು, ಅರಿಶಿಣ, ಖಾರ ತಿಕ್ಕಿ, ನೀರೆಲ್ಲ ಆರಿ ಗರಿಗರಿಯಾಗುವ ತನಕ ಹುರಿದು ಎತ್ತಿಡುವುದು. ಅದು ಸೋಮವಾರ, ಮಂಗಳವಾರ ಈರುಳ್ಳಿಯ ಜೊತೆ ಬಾಡಿಸಿದ ಪಲ್ಯವಾಗಿ ಡಬ್ಬಿಗಳಿಗೆ ಹೋಗುವುದು. ಬೆನ್ನು, ಕುತ್ತಿಗೆ, ರೆಕ್ಕೆಯ ತುದಿ, ಎಲುಬುಗಳೆಲ್ಲ ಸಂಜೆಯವರೆಗೆ ಸಣ್ಣ ಉರಿಯಲ್ಲಿ ಕುದಿದು, ಒಂದು ಹಿಡಿ ಜೋಳದ ನುಚ್ಚು ಬಿದ್ದು, ಗಂಜಿ. ಚರ್ಮ ಮತ್ತು ಕೊಬ್ಬನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ ಒಂದು ಡಬ್ಬಿಗೆ ಬಸಿದಿಟ್ಟರೆ ವಾರದ ಒಗ್ಗರಣೆಗೆಲ್ಲ ಅದೇ. ಬುಧವಾರದ ಬದನೆಕಾಯಿಯೊಳಗೂ ಭಾನುವಾರದ ಕೋಳಿ ಎಲ್ಲೋ ದೂರದಲ್ಲಿ ಕೂಗುತ್ತಿರುತ್ತಿತ್ತು.

ಮನೆಯಲ್ಲಿ ಫ್ರಿಜ್ ಇರಲಿಲ್ಲ. ನನಗೆ ಅದೊಂದು ಚಿಂತೆ. ಮೊದಲ ಸೋಮವಾರ ಡಬ್ಬಿ ಕೈಯಲ್ಲಿ ಹಿಡಿದು, "ಅಕ್ಕ, ಇದು ಕೆಟ್ಟಿರಲ್ವಾ? ಏನಾದ್ರೂ ಆದ್ರೆ?" ಎಂದು ಕೇಳಿದ್ದೆ.

"ಆದ್ರ ಮಂಗಳಾರ ಬಂದು ಹೇಳು" ಎಂದರು ಅಕ್ಕ.

ಮಂಗಳವಾರ ನಾನು ಬಂದು ಹೇಳುವಂಥದ್ದೇನೂ ಆಗಿರಲಿಲ್ಲ. ಕ್ರಮೇಣ ಒಂದು ಪದ್ಧತಿ ಬೆಳೆಯಿತು. ಒಂದು ಭಾನುವಾರ ಕೋಳಿ ತರುವುದು ನಾನು, ಇನ್ನೊಂದು ಭಾನುವಾರ ಅವರು. ಕೊಯ್ದು ತುಂಡು ಮಾಡುವುದು, ಬೇಯಿಸುವುದು ಅಕ್ಕನ ಕೆಲಸ. ನಾನು ಚೀಲ ಕೊಟ್ಟು ಕೋಣೆಗೆ ಹೋಗಿ ಪತ್ರಿಕೆ ಹಿಡಿದು ಲೋಕದ ಚಿಂತೆ ಮಾಡುತ್ತಾ ಕೂತರೆ, ಗೋಡೆಯಾಚೆಯಿಂದ ಅಕ್ಕ ಕೋಳಿಯ ಜೊತೆ ಮಾತಾಡುವುದು ಕೇಳುತ್ತಿತ್ತು. "ತಿರುಗವ್ವಾ... ಹಾಂ... ಈ ಕಡಿ ಬಾ ನಮ್ಮವ್ವ..." ಸತ್ತ ಕೋಳಿಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ಖಾರದ ಘಾಟು, ಆಮೇಲೆ ಸಾರಿನ ವಾಸನೆ, ಆಮೇಲೆ ಅರೆನಿದ್ದೆ. ಆ ನಿದ್ದೆಯೊಳಕ್ಕೆ "ಏ ಕೋಡೀ" ಎಂಬ ಕೂಗು.

*

ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ ಬದುಕಿನಲ್ಲಿ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತ್ತು. ಶತಮಾನ ಬದಲಾಗುವ ಗಳಿಗೆಯಲ್ಲಿ ಕಂಪ್ಯೂಟರುಗಳಿಗೆಲ್ಲ ಇಸವಿ ತಿಳಿಯದೆ ಲೋಕವೇ ನಿಂತುಹೋಗುತ್ತದೆ ಎಂದು ಜಗತ್ತು ಹೆದರಿ ಕೂತಿದ್ದ ಕಾಲ ಅದು. ಹಳೆಯ ಪ್ರೋಗ್ರಾಮುಗಳನ್ನು ಸಾಲು ಸಾಲಾಗಿ ಓದಿ, ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವುದು ನನ್ನ ಕೆಲಸ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು.

ಆ ಡಿಸೆಂಬರಿನ ಕೊನೆಯ ದಿನ ನಾನು ರಾತ್ರಿ ಪಾಳಿಗೆ ಹೋಗಬೇಕಿತ್ತು. ಭಾನುವಾರವಲ್ಲದಿದ್ದರೂ ಅಕ್ಕ ಮಧ್ಯಾಹ್ನ ಊಟಕ್ಕೆ ಕರೆದರು. ಅವತ್ತು ಅವರು ಕೋಳಿಯನ್ನು ತುಂಡು ಮಾಡಿರಲೇ ಇಲ್ಲ. ಹೊಟ್ಟೆಯೊಳಗೆ ಹುರಿದ ಈರುಳ್ಳಿ, ಪುದೀನ ತುಂಬಿ, ಕಾಲು ಎರಡನ್ನೂ ದಾರದಿಂದ ಕಟ್ಟಿ, ದೊಡ್ಡ ಬೋಗಾಣಿಯಲ್ಲಿ ಮಲಗಿಸಿ, ಮುಚ್ಚಳದ ಸುತ್ತ ಕಲಸಿದ ಹಿಟ್ಟು ಮೆತ್ತಿ, ಉಗಿಯಲ್ಲೇ ಬೇಯಿಸಿದ್ದರು.

"ಇವತ್ತು ಯಾಕಕ್ಕ ಇಡೀದು?"

"ಲೋಕ ಮುಳುಗತೈತಿ ಅಂದ್ಯಲ್ಲೋ. ಮುಳುಗೋದಾದ್ರ ತುಂಡು ತುಂಡು ತಿಂದು ಯಾಕ ಸಾಯಬೇಕು?"

ಹಿಟ್ಟಿನ ಬೆಸುಗೆ ಒಡೆದು ಮುಚ್ಚಳ ತೆಗೆದಾಗ ಎದ್ದ ಆ ಉಗಿಯನ್ನು ನಾನು ಇಂದಿಗೂ ಕನಸಿನಲ್ಲಿ ಕಾಣುತ್ತೇನೆ. ಉಗಿಯ ಆಚೆ ಭಾವ, ರೇಣುಕಾ, ಗೋಡೆಯ ಕ್ಯಾಲೆಂಡರು, ಎಲ್ಲ ಮಸುಕು. ಅಕ್ಕ ಕೋಳಿಯ ಹೊಟ್ಟೆಯೊಳಗೆ ಕೈ ಹಾಕಿ, ಬೇಯಿಸಿದ ಮೊಟ್ಟೆಯೊಂದನ್ನು ಹೊರತೆಗೆದು ನನ್ನ ತಟ್ಟೆಯಲ್ಲಿಟ್ಟರು.

"ತಗೋ. ನೀ ಅವತ್ತು ಕೇಳಿದ್ದ ತತ್ತಿ. ಸ್ವಲ್ಪ ತಡ ಆತು."

*

ಲೋಕ ಮುಳುಗಲಿಲ್ಲ. ಮುಳುಗಿದ್ದು ನನ್ನ ಕೆಲಸ. ಬರಬೇಕಾದ ಆಪತ್ತು ಬಾರದೇ ಹೋದಾಗ ಅದಕ್ಕಾಗಿ ಇಟ್ಟುಕೊಂಡವರನ್ನು ಏನು ಮಾಡುತ್ತಾರೆ? ಒಂದೆರಡು ತಿಂಗಳು ಸುಮ್ಮನೆ ಕೂರಿಸಿದರು, ಆಮೇಲೆ ಬರಬೇಡ ಎಂದರು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಊರಿಗೆ ಫೋನು ಮಾಡಿ ಎಲ್ಲ ಚೆನ್ನಾಗಿದೆ ಎಂದೆ. ಇದ್ದ ದುಡ್ಡಿನಲ್ಲಿ ಎಷ್ಟು ದಿನ ತಳ್ಳಬಹುದು ಎಂಬುದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಭಾನುವಾರ. ನನ್ನ ಪಾಳಿಯ ಕೋಳಿ ತರಲಾರೆ. ತರದೆ ಹೋಗಿ ತಟ್ಟೆಯ ಮುಂದೆ ಕೂರಲಾರೆ. ಎರಡು ಭಾನುವಾರ ಕೋಣೆಯ ಚಿಲಕ ಹಾಕಿಕೊಂಡು ಮಲಗಿದೆ. ಸಾರಿನ ವಾಸನೆಗೆ ಚಿಲಕವಿಲ್ಲ ಎಂಬುದು ಆಗ ತಿಳಿಯಿತು. ಇನ್ನು ಗಂಟು ಕಟ್ಟಿಕೊಂಡು ಊರಿಗೆ ಹೋಗುವುದೇ ಸರಿ, ಸೋತು ಬಂದೆ ಎಂದು ಹೇಳುವ ಮಾತುಗಳನ್ನು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡರಾಯಿತು ಎಂದು ತೀರ್ಮಾನಿಸಿದೆ.

ಮೂರನೆಯ ಭಾನುವಾರ ಬಾಗಿಲು ಬಡಿಯಿತು.

"ಏ ಕೋಡಿ! ಇದ್ದೀಯೋ ಸತ್ತೀಯೋ?"

"ಇದ್ದೀನಕ್ಕ. ತಲೆನೋವು."

"ತಲಿ ನೋಯಲಿ ಬಿಡು. ಕೈ ನೆಟ್ಟಗ ಅದಾವಿಲ್ಲೋ?"

"ಇವೆ."

"ಹಂಗಾರ ಹೊರಗ ಬಾ. ನಿಮ್ಮ ಭಾವಗ ಡ್ಯೂಟಿ ಐತಿ, ಹಿಡಿಯೋರು ಯಾರೂ ಇಲ್ಲ. ಇಡೀ ಕೋಳಿಗೆ ಇಬ್ಬರು ಬೇಕು."

ಬಾಗಿಲು ತೆರೆದು, "ಈ ವಾರ ನಾನು ತರಬೇಕಿತ್ತಲ್ಲ ಅಕ್ಕ..." ಎಂದು ತೊದಲಿದೆ.

"ತರೋದೇನು, ಯಾರರ ತರತಾರ. ಹಿಡಿಯೋದು ಎಲ್ಲಾರಿಗೂ ಬರಂಗಿಲ್ಲ. ನಿನ್ನ ಕೈ ಉದ್ದ ಅದಾವು. ಬಾ ಲಗೂನ, ಬಿಸಲು ಏರಾಕತ್ತೈತಿ."

ಹಿತ್ತಿಲಿನಲ್ಲಿ ಅಕ್ಕ ಈಳಿಗೆಮಣೆಯ ಮೇಲೆ ಬಲಗಾಲಿಟ್ಟು ಕೂತರು. ಎದುರಿಗೆ ಗೋಣಿಚೀಲದ ಮೇಲೆ ನಾನು. ನನ್ನ ಕೈಗೆ ಕೋಳಿಯ ಎರಡು ಕಾಲು ಕೊಟ್ಟು, "ಎಳಿ. ಹಾಂ. ಸಡ್ಲ ಬಿಡಬ್ಯಾಡ, ಜಾರ್ತೈತಿ" ಎಂದರು. ನಾನು ಲೋಕವನ್ನೇ ಹಿಡಿದುಕೊಂಡವನ ಹಾಗೆ ಹಿಡಿದೆ. ಊಟದ ಹೊತ್ತಿಗೆ ರೇಣುಕಾ ಟ್ಯೂಷನ್ ಮುಗಿಸಿ ಬಂದಳು. ಅಕ್ಕ ನನ್ನ ತಟ್ಟೆಗೆ ಎರಡು ತುಂಡು ಹೆಚ್ಚು ಹಾಕಿ, "ದುಡದಾನ ಇವತ್ತು" ಎಂದರು. ನಾನು ತಲೆ ತಗ್ಗಿಸದೆ ಉಂಡೆ.

ಮುಂದಿನ ಐದು ತಿಂಗಳು ನನ್ನ ಕೈಯಲ್ಲಿ ಇದ್ದದ್ದು ಅದೊಂದೇ ಕೆಲಸ. ನಾನು ಯಾವ ಕೆಲಸವನ್ನೂ ಹಗುರವಾಗಿ ತೆಗೆದುಕೊಳ್ಳುವವನಲ್ಲ. ಜಾರದಿರಲೆಂದು ಅಂಗೈಗೆ ಜೋಳದ ಹಿಟ್ಟು ಸವರಿಕೊಳ್ಳುವ ಉಪಾಯ ಕಂಡುಹಿಡಿದೆ. ಯಾವ ಕಡೆಗೆ ಎಷ್ಟು ಎಳೆದರೆ ತೊಡೆಯ ಸಂದು ತಾನಾಗಿ ತೆರೆದುಕೊಳ್ಳುತ್ತದೆ ಎಂದು ಶನಿವಾರವೇ ಯೋಚಿಸಿಟ್ಟುಕೊಳ್ಳುತ್ತಿದ್ದೆ. ಅಕ್ಕ ಎಂದೂ ಎಲುಬು ಕಡಿದವರಲ್ಲ. ಬೆರಳಿನಿಂದ ತಡವಿ ಸಂದು ಹುಡುಕಿ, ಅಲ್ಲಿ ಮಾತ್ರ ಅಲುಗು ಸೋಕಿಸುತ್ತಿದ್ದರು. ಕೋಳಿ ತಾನೇ ಒಪ್ಪಿ ಬಿಡಿಸಿಕೊಂಡಂತೆ ಬಿಡಿಸಿಕೊಳ್ಳುತ್ತಿತ್ತು. "ಎಲಬಿನ ಕೂಡ ಜಗಳ ಆಡಬಾರದು. ಕೀಲು ಎಲ್ಲೈತಿ ಹುಡುಕಬೇಕು. ಕೀಲು ಇದ್ದಲ್ಲಿ ಹಾದಿ ಇರತೈತಿ."

ಒಮ್ಮೆ, ಕಾಲು ಹಿಡಿದುಕೊಂಡೇ, ಧೈರ್ಯ ಮಾಡಿ ಹೇಳಿದೆ. "ಅಕ್ಕ, ಮುಂದಿನ ವಾರ ಊರಿಗೆ ಹೋಗಿಬಿಡ್ತೀನಿ."

ಅವರು ತಲೆಯೆತ್ತಲಿಲ್ಲ. "ಹೋಗು. ಐತವಾರದೊಳಗ ಬಂದ್ಬಿಡು. ಹಿಡಿಯಾಕ ಯಾರದಾರ ಇಲ್ಲೆ?"

ಊರಿಗೆ ಹೋದರೆ ಮರಳಿ ಬರಲಾರೆ ಎಂದು ನನಗೆ ಗೊತ್ತಿತ್ತು. ಭಾನುವಾರ ಬಂದೇ ತೀರಬೇಕಾದವನು ಹೋಗುವುದಾದರೂ ಹೇಗೆ? ಹಾಗಾಗಿ ಹೋಗಲಿಲ್ಲ. ಒಂದು ಭಾನುವಾರದಿಂದ ಇನ್ನೊಂದಕ್ಕೆ ದಾಟಿದೆ. ನಡುವಿನ ದಿನಗಳಲ್ಲಿ ಅರ್ಜಿ ಹಿಡಿದು ಅಲೆದೆ. ಮಳೆಗಾಲ ಮುಗಿಯುವ ಹೊತ್ತಿಗೆ, ಬಂಡೆ ಒಡೆದು ಕಟ್ಟಡ ಎಬ್ಬಿಸುತ್ತಿದ್ದ ಕೊಂಡಾಪುರದಲ್ಲಿ ನನಗೊಂದು ಕೆಲಸ ಸಿಕ್ಕಿತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಯಾರ ಕಣ್ಣಿಗೂ ಬೀಳದ್ದು ನನ್ನ ಕಣ್ಣಿಗೆ ಬೀಳುತ್ತದೆ ಎಂದು ಅಲ್ಲಿ ನನಗೆ ಒಳ್ಳೆಯ ಹೆಸರೂ ಬಂತು.

*

ಕೊಂಡಾಪುರದಲ್ಲಿ ಮನೆ ಮಾಡಿದವರಿಗೆ ನಾಚಾರಂ ಬೇರೆಯೇ ದೇಶ. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಆಮೇಲೆ ಹಬ್ಬಕ್ಕೆ, ಆಮೇಲೆ ಫೋನು. ಫೋನಿನಲ್ಲಿ ಅಕ್ಕ ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ: "ಕೈ ನೆಟ್ಟಗ ಅದಾವಿಲ್ಲೋ?"

ಮದುವೆಯಾದ ಮೇಲೆ ಆ ಶಾಸ್ತ್ರವನ್ನು ನನ್ನ ಮನೆಯಲ್ಲೂ ಜಾರಿಗೆ ತಂದೆ. ಇಡೀ ಕೋಳಿಯೇ ಬರಬೇಕು, ಕೊಯ್ಯುವಾಗ ಇಬ್ಬರಿರಬೇಕು. ಹೆಂಡತಿ ಸುಮಾ ಮೊದಲ ಸಲವೇ ತಕರಾರು ಎತ್ತಿದಳು. "ನಮ್ಮಮ್ಮ ಒಬ್ಬರೇ ಕೊಯ್ತಿದ್ರಪ್ಪ."

"ಹಾಗೆಲ್ಲ ಒಬ್ಬರೇ ಕೊಯ್ಯೋದು ಸರಿಯಾದ ಪದ್ಧತಿ ಅಲ್ಲ" ಎಂದೆ ನಾನು, ಐದು ತಿಂಗಳ ಅನುಭವದ ಗತ್ತಿನಲ್ಲಿ.

"ಆಯ್ತು, ಹಿಡ್ಕೊಳ್ಳಿ" ಎಂದಳು. ಇಪ್ಪತ್ತು ವರ್ಷದಿಂದ ನಾನು ಹಿಡಿದುಕೊಳ್ಳುತ್ತಿದ್ದೇನೆ. ಅವಳು ಏನನ್ನೋ ಹೇಳಬೇಕೆಂದು ಬಾಯಿ ತೆರೆದು ಸುಮ್ಮನಾಗುವುದನ್ನು ಹಲವು ಸಲ ಗಮನಿಸಿದ್ದೇನೆ. ಏನೆಂದು ಕೇಳುವ ಧೈರ್ಯವಾಗಲಿಲ್ಲ.

ಕಳೆದ ತಿಂಗಳು ರೇಣುಕಾ ಫೋನು ಮಾಡಿದಳು. "ಮಾಮಾ, ಅವ್ವ ಹೋದ್ಳು." ಮಲಗಿದ್ದವರು ಏಳಲಿಲ್ಲವಂತೆ. ಹನ್ನೊಂದನೆಯ ದಿನ ಎಡೆ ಇಡುವುದಕ್ಕೆ ಬರಲೇಬೇಕು ಎಂದಳು.

ರೇಣುಕಾ ಈಗ ವಿಮಾನ ನಿಲ್ದಾಣದಲ್ಲಿ ಕೆಲಸದಲ್ಲಿದ್ದಾಳೆ, ಮನೆ ಶಂಶಾಬಾದಿನಲ್ಲಿ. ಬೆಳಿಗ್ಗೆ ಬೇಗ ಹೋದೆ. ಸುಮಾಳಿಗೆ ಜ್ವರ, ನಾನೊಬ್ಬನೇ. ಭಾವ ಅಂಗಳದ ಕುರ್ಚಿಯಲ್ಲಿ ಕೂತು ಆಕಾಶ ನೋಡುತ್ತಿದ್ದರು. ವಿಮಾನವೊಂದು ಬಹಳ ಕೆಳಗೆ, ಸದ್ದು ಹಿಂದೆ ಬಿಟ್ಟು, ಮೀನಿನ ಹಾಗೆ ಹಾದುಹೋಯಿತು. "ಒಳಗ ಹೋಗಪಾ, ಹಿತ್ತಲದಾಗ ಅದಾಳ" ಎಂದರು.

ಅಕ್ಕನ ಎಡೆಗೆ ಮತ್ತೇನು, ಕೋಳಿ ಸಾರು, ಜೋಳದ ರೊಟ್ಟಿ. ಹಿತ್ತಿಲಿನಲ್ಲಿ ರೇಣುಕಾ ಕೂತಿದ್ದಳು. ಅದೇ ಈಳಿಗೆಮಣೆ, ಅಲುಗು ತೇದು ತೇದು ಅರ್ಧವಾಗಿದೆ. ಪಕ್ಕದ ಬುಟ್ಟಿಯಲ್ಲಿ ಎರಡು ಇಡೀ ಕೋಳಿ. ನಾನು ತೋಳು ಮಡಿಚುತ್ತಾ, "ತಡಿ, ಬಂದೆ, ನಾನು ಹಿಡ್ಕೊಳ್ತೀನಿ" ಎಂದು ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

ರೇಣುಕಾ ನಕ್ಕಳು. "ಏನ್ ಹಿಡೀತೀರಿ ಮಾಮಾ? ಈಳಗಿ ಕಾಲಾಗ ಐತಿ, ಕೋಳಿ ಕೈಯಾಗ ಐತಿ. ಇನ್ನ ಹಿಡಿಯೋದು ಏನುಳೀತು?"

ನೋಡಿದೆ. ಅಲುಗು ನಿಂತಲ್ಲೇ ನಿಂತಿತ್ತು. ಅವಳ ಎರಡು ಕೈಯಲ್ಲೂ ಕೋಳಿ. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು, ಸಂದು ತಡವಿ ಅಲುಗಿಗೆ ಸೋಕಿಸಿದಳು. ಕಾಲು ಬಂತು, ತೊಡೆ ಬಂತು, ರೆಕ್ಕೆ ಬಂತು. ನಾನು ಬಾಯಿ ಮುಚ್ಚುವುದರೊಳಗೆ ಇಡೀ ಕೋಳಿ ಮುಗಿದಿತ್ತು.

"ನಿಮ್ಮವ್ವ... ಇಬ್ಬರು ಬೇಕು ಅಂತಿದ್ರಲ್ಲ?"

"ಅವ್ವನಾ? ಅಕಿ ಹುಟ್ಟಿದಾಗಿಂದ ಒಬ್ಬಾಕಿನ ಕೊಯ್ದಾಳ್ರಿ. ನಾವು ಹತ್ರ ಹೋದ್ರ ಬೈತಿದ್ಲು, ನಡುವ ಕೈ ಹಾಕಬ್ಯಾಡ್ರಿ, ಬೆರಳು ಹೋಗ್ತಾವು ಅಂತ."

"ನಾನು ಹಿಡೀತಿದ್ದೆ, ರೇಣುಕಾ" ಎಂದೆ. "ಐದು ತಿಂಗಳು. ನೀನು ಟ್ಯೂಷನ್‌ಗೆ ಹೋಗ್ತಿದ್ದೆ."

ಅವಳ ಕೈ ನಿಂತಿತು.

"ಆ ವರ್ಷ ಏನ್ರಿ? ಲೋಕ ಮುಳುಗತೈತಿ ಅಂದಿದ್ರಲ್ಲ, ಅದರ ಮರುವರ್ಷ?"

"ಹೌದು, ಆ ಮರುವರ್ಷವೇ."

"ಒಮ್ಮೆ ಅವ್ವ ಅಪ್ಪಗ ಹೇಳಾಕತ್ತಿದ್ಲು. ಆ ಹುಡುಗನ ಆಫೀಸಿನ ಬೂಟಿನ್ಯಾಗ ಜೇಡರ ಬಲಿ ಕಟ್ಟೇತಿ, ಕೆಲಸ ಹೋಗೇತಿ ಕಾಣತೈತಿ, ಕರದ್ರ ಬರಂಗಿಲ್ಲ, ಏನ್ ಮಾಡೋಣು ಅಂತ. ಅಪ್ಪ ಅಂದ, ನೀನ ಏನರ ಉಪಾಯ ಮಾಡು ಅಂತ. ಆಮ್ಯಾಲೆ ಏನಾತು ನನಗ ಗೊತ್ತಿಲ್ಲ ನೋಡ್ರಿ."

ಮೇಲೆ ಇನ್ನೊಂದು ವಿಮಾನ ಹೋಯಿತು. ಅದರ ನೆರಳು ಹಿತ್ತಿಲನ್ನು, ಬುಟ್ಟಿಯನ್ನು, ನಮ್ಮಿಬ್ಬರನ್ನು ಒಂದು ಕ್ಷಣ ಸವರಿ ಗೋಡೆ ಹತ್ತಿ ಇಳಿದುಹೋಯಿತು. ತಪ್ಪು ಹುಡುಕುವುದರಲ್ಲೇ ಹೊಟ್ಟೆ ಹೊರೆದ ಮನುಷ್ಯ ನಾನು. ಈಳಿಗೆಮಣೆಯ ಮುಂದೆ ಕೂತವರಿಗೆ ಎರಡೂ ಕೈ ಖಾಲಿ ಇರುತ್ತವೆ ಎಂಬುದು ಐದು ತಿಂಗಳು ಕಣ್ಣೆದುರೇ ಇದ್ದರೂ ಕಂಡಿರಲಿಲ್ಲ. ನಾನು ಬಿಗಿಯಾಗಿ ಹಿಡಿದಷ್ಟೂ ಅಕ್ಕನಿಗೆ ಕೆಲಸ ಕಷ್ಟವಾಗಿದ್ದಿರಬೇಕು. ಅಂಗೈಗೆ ಹಚ್ಚಿಕೊಂಡ ಹಿಟ್ಟು ಬೇರೆ!

ಇನ್ನು ಏಳಬೇಕು ಎಂದು ಮಂಡಿಗೆ ಕೈ ಊರಿದೆ.

ರೇಣುಕಾ ಬುಟ್ಟಿಯಿಂದ ಎರಡನೆಯ ಕೋಳಿ ಎತ್ತಿಕೊಂಡಳು. ಅಲುಗಿನ ಕಡೆಗೆ ಒಯ್ಯಲಿಲ್ಲ. ಮುಂದಕ್ಕೆ ಬಾಗಿ, ಅದರ ಎರಡು ಕಾಲನ್ನೂ ನನ್ನ ಕೈಗಿಟ್ಟಳು.

"ಹಿಡ್ಕೋರಿ ಮಾಮಾ" ಎಂದಳು. "ಸಡ್ಲ ಬಿಡಬ್ಯಾಡ್ರಿ, ಭಾಳ ಜಾರ್ತೈತಿ."